ತಂದೆಯ ತೊಟ್ಟಿ, ಮಗನ ಮಣ್ಣು

ಪುಣೆಗೆ ಬಂದ ಎರಡನೆಯ ವರ್ಷ ನಾನು ಹತ್ತು ಸೀಗಡಿಗಳನ್ನು ಕೊಂದೆ. ತಿನ್ನುವುದಕ್ಕಲ್ಲ, ಸಾಕುವುದಕ್ಕೆಂದು ತಂದಿದ್ದವು. ಕರಾವಳಿಯವರು ಚಟ್ಲಿ ಎನ್ನುವ, ತುಳುವಿನಲ್ಲಿ ಎಟ್ಟಿ ಎನ್ನುವ ಜಾತಿಯ ಪುಟ್ಟ ನೆಂಟರು ಇವು. ಸಿಹಿನೀರಿನವು, ಒಂದು ಇಂಚೂ ಇಲ್ಲದವು, ದಾಳಿಂಬೆ ಕಾಳಿನಂತೆ ಕೆಂಪಗಿನವು. ಬಾಡಿಗೆ ಮನೆಯಲ್ಲಿ ನಾಯಿ ಸಾಕಬಾರದು, ಬೆಕ್ಕು ಸಾಕಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಕರಾರಿನಲ್ಲಿ ಸೀಗಡಿಯ ಹೆಸರಿರಲಿಲ್ಲ. ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿ ತಂದೆ. ಬಿಳಿ ಜಲ್ಲಿಯನ್ನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದೆ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು ಮರುದಿನ ತುಂಬಿದೆ. ನೀರು ಕನ್ನಡಿಯಂತಿತ್ತು. ಮೊದಲ ಎರಡು ದಿನ ಅವು ಚೆನ್ನಾಗಿಯೇ ಓಡಾಡಿದವು. ಮೂರನೆಯ ದಿನ ಎರಡು ಬಿಳಿಚಿಕೊಂಡು ಮಗುಚಿದವು. ವಾರ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ನಮ್ಮದು ತೀರ್ಥಹಳ್ಳಿ ಕಡೆ. ಬಾವಿಗೆ ಹೊಳೆಯ ಸಣ್ಣ ಮೀನು ತಂದು ಬಿಡುವುದು ಅಲ್ಲಿನವರಿಗೆ ಹೊಸದಲ್ಲ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಪಾಚಿ ಕಟ್ಟಿತ್ತನಾ?”

“ಇಲ್ಲಮ್ಮ, ತೊಳೆದು ಸ್ವಚ್ಛ ಮಾಡಿದ್ದೆ.”

“ಹಂಗಾರೆ ಸಾಯದೇ ಇನ್ನೇನು ಮಾಡ್ತಾವೆ? ಬಾವಿ ತೋಡಿದ ವಾರವೇ ಯಾರಾದ್ರೂ ಮೀನು ಬಿಡ್ತಾರನಾ?”

ಸ್ವಚ್ಛ ನೀರಿನಲ್ಲಿ ಜೀವ ಸಾಯುವುದೇಕೆ, ಪಾಚಿ ಕಟ್ಟಿದ ನೀರಿನಲ್ಲಿ ಬದುಕುವುದೇಕೆ? ಅಮ್ಮನಿಗೆ ಉತ್ತರ ಅನುಭವದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನನಗೆ ಎರಡೂ ಗೊತ್ತಿರಲಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಲಂಡನ್ನಿನ ಒಂದೇ ಮನೆಯ ಇಬ್ಬರು ರಸಾಯನ ವಿಜ್ಞಾನಿಗಳು. ತಂದೆಗೂ ಮಗನಿಗೂ ಒಂದೇ ಹೆಸರು, ರಾಬರ್ಟ್ ವಾರಿಂಗ್ಟನ್. ತಂದೆ ಗಾಜಿನ ತೊಟ್ಟಿಯಲ್ಲಿ ಜೀವಗಳ ಸಮತೋಲವನ್ನು ಕಟ್ಟಿ ತೋರಿಸಿದ. ಅದು ಯಾಕೆ ನಿಲ್ಲುತ್ತದೆ ಎಂಬುದರ ಅರ್ಧ ಕಾರಣ ಮಾತ್ರ ಅವನಿಗೆ ಗೊತ್ತಿತ್ತು. ಉಳಿದರ್ಧ ಮಗನ ಕೈಗೆ ಸಿಕ್ಕಿತು, ಅದೂ ತೊಟ್ಟಿಯಲ್ಲಲ್ಲ, ಹೊಲದ ಮಣ್ಣಿನಲ್ಲಿ.

ಹೊಗೆಯ ಊರಿನಲ್ಲಿ ಗಾಜಿನ ಪೆಟ್ಟಿಗೆ

ಮನೆಯೊಳಗಿನ ಗಾಜಿನ ತೊಟ್ಟಿ ಹಳ್ಳಿಯವರು ಕಂಡುಹಿಡಿದ ವಸ್ತುವಲ್ಲ. ಕೆರೆ ಪಕ್ಕದಲ್ಲಿರುವವನಿಗೆ ಅದು ಯಾಕೆ ಬೇಕು? ಅದು ಹುಟ್ಟಿದ್ದು ಕಲ್ಲಿದ್ದಲ ಹೊಗೆ ತುಂಬಿದ, ಊರು ಬಿಟ್ಟು ಬಂದ ಜನ ತುಂಬಿದ ಲಂಡನ್ನಿನಲ್ಲಿ.

ಪೂರ್ವ ಲಂಡನ್ನಿನ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ನೆಥೇನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಅವನಿಗೆ ಜರೀಗಿಡಗಳ ಹುಚ್ಚು. ಹೊಗೆಗೆ ಅವು ಒಂದೊಂದಾಗಿ ಸಾಯುತ್ತಿದ್ದವು. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರೀಗಿಡ, ಒಂದು ಹುಲ್ಲು ಮೊಳೆತವು. ಹಗಲು ಆವಿಯಾದ ನೀರು ಗಾಜಿಗೆ ತಗುಲಿ ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿತ್ತು. ಹೊರಗಿನ ಹೊಗೆ ಒಳಗೆ ಬರುತ್ತಿರಲಿಲ್ಲ. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದ. ತಿಂಗಳುಗಟ್ಟಲೆಯ ಪ್ರಯಾಣ ಮುಗಿಸಿ ಗಿಡಗಳು ಜೀವಂತವಾಗಿ ತಲುಪಿದವು.

ಈ ‘ವಾರ್ಡ್ ಪೆಟ್ಟಿಗೆ’ ನಮ್ಮ ನೆಲದ ಚರಿತ್ರೆಯನ್ನೂ ಬದಲಿಸಿತು. 1848ರಿಂದ ಮೂರು ವರ್ಷ ರಾಬರ್ಟ್ ಫಾರ್ಚೂನ್ ಚೀನಾದಿಂದ ಹಿಮಾಲಯದ ತಪ್ಪಲಿಗೆ ಚಹಾ ಸಸಿಗಳನ್ನು ಸಾಗಿಸಿದ್ದು ಇದರಲ್ಲಿ. 1860ರ ಹೊತ್ತಿಗೆ ದಕ್ಷಿಣ ಅಮೆರಿಕದಿಂದ ಸಿಂಕೋನಾ ಗಿಡಗಳು ನೀಲಗಿರಿಯ ಊಟಿಗೆ ಹೊರಟದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ. ಮೊದಲ ಕಂತಿನ ಸಸಿಗಳು ದಾರಿಯ ಬಿಸಿಲಿಗೆ ಸೊರಗಿ ಸತ್ತವು, ಮುಂದಿನವು ಹಿಡಿದುಕೊಂಡವು. ಗಾಜಿನ ಪೆಟ್ಟಿಗೆಗೆ ಮೊದಲಿನಿಂದಲೂ ಎರಡು ಮುಖ: ಒಂದು, ಊರು ಬಿಟ್ಟವನ ಹಸಿರಿನ ಆಸೆ, ಇನ್ನೊಂದು, ಸಾಮ್ರಾಜ್ಯದ ಸಾಮಾನು ಸಾಗಣೆ.

ನೀರಿನ ಜೀವಗಳನ್ನು ಗಾಜಿನೊಳಗೆ ಇಟ್ಟು ನೋಡಿದವರಲ್ಲಿ ಮೊದಲಿಗರು ಹೆಂಗಸರು. ಫ್ರಾನ್ಸಿನಲ್ಲಿ ಹುಟ್ಟಿ, ಹೊಲಿಗೆ ಕೆಲಸ ಮಾಡಿಕೊಂಡಿದ್ದು, ಮದುವೆಯಾಗಿ ಸಿಸಿಲಿಯ ಮೆಸ್ಸಿನಾಕ್ಕೆ ಬಂದ ಜಾನ್ ವಿಲ್‌ಪ್ರೂ-ಪವರ್ ಎಂಬಾಕೆ 1832ರಲ್ಲಿಯೇ ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. ಅರ್ಗೋನಾಟ್ ಎಂಬ ಆಕ್ಟೋಪಸ್ ಜಾತಿಯ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆಯೋ, ಬೇರೆಯವರದ್ದನ್ನು ಕದಿಯುತ್ತದೆಯೋ ಎಂಬ ಹಳೆಯ ಜಗಳಕ್ಕೆ ಅವಳು ಉತ್ತರ ಹುಡುಕುತ್ತಿದ್ದಳು. ತಾನೇ ಕಟ್ಟುತ್ತದೆ ಎಂದು ತೊಟ್ಟಿಯಲ್ಲಿ ನೋಡಿ ಹೇಳಿದಳು.

ಲಂಡನ್ನಿನಲ್ಲಿ ಆ್ಯನಾ ಥಿನ್ ಎಂಬಾಕೆ 1846ರಲ್ಲಿ ಟಾರ್ಕೀ ಕಡಲತೀರದಿಂದ ಹವಳದ ಜೀವಗಳನ್ನು ಜಾಡಿಯಲ್ಲಿ ಮನೆಗೆ ತಂದಳು. ಅವು ಬದುಕಲು ನೀರಿಗೆ ಗಾಳಿ ಬೆರೆಯಬೇಕು. ಅದಕ್ಕೆಂದು ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕಿತ್ತು. ದಿನಾ ಅರ್ಧ ಮುಕ್ಕಾಲು ಗಂಟೆ ಈ ಕೆಲಸ ಮಾಡುತ್ತಿದ್ದವಳು ಮನೆಗೆಲಸದ ಹುಡುಗಿ. ಇಂದು ನಾವು ಇನ್ನೂರು ಮುನ್ನೂರು ರೂಪಾಯಿಗೆ ತರುವ ಏರ್ ಪಂಪು ಮಾಡುವುದು ಅವಳ ಕೆಲಸವನ್ನೇ. ನಂತರ ಥಿನ್ ಕಡಲಪಾಚಿಯನ್ನೂ ಜಾಡಿಗೆ ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು.

ತಂದೆ

ಹಿರಿಯ ರಾಬರ್ಟ್ ವಾರಿಂಗ್ಟನ್ 1807ರಲ್ಲಿ ಹುಟ್ಟಿದವನು. ಲಂಡನ್ನಿನ ಔಷಧ ವ್ಯಾಪಾರಿಗಳ ಸಂಘದಲ್ಲಿ ರಸಾಯನ ವಿಜ್ಞಾನಿ. ವಾರ್ಡ್ ಕೂಡ ಅದೇ ಸಂಘದವನು. ಸಸ್ಯಗಳು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ ಎಂಬುದು ಆ ಹೊತ್ತಿಗೆ ಹೊಸ ವಿಷಯವಲ್ಲ. 1770ರ ದಶಕದಲ್ಲಿ ಪ್ರೀಸ್ಟ್ಲಿ ಮುಚ್ಚಿದ ಗಾಜಿನೊಳಗೆ ಪುದೀನಾ ಇಟ್ಟು, ಕೆಟ್ಟ ಗಾಳಿ ಮತ್ತೆ ಇಲಿಗೆ ಉಸಿರಾಡಲು ಯೋಗ್ಯವಾಗುತ್ತದೆ ಎಂದು ತೋರಿಸಿದ್ದ. 1779ರಲ್ಲಿ ಇಂಗನ್‌ಹೌಸ್ ಅದಕ್ಕೆ ಬೆಳಕು ಬೇಕು ಎಂದು ಸಾಬೀತು ಮಾಡಿದ್ದ. ಮೀನು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಗಿಡ ಅದನ್ನು ಹೀರಿ ಆಮ್ಲಜನಕ ಕೊಡುತ್ತದೆ. ಹಾಗಿದ್ದರೆ ಇಬ್ಬರನ್ನೂ ಒಂದೇ ನೀರಿನಲ್ಲಿ ಇಟ್ಟರೆ ನೀರು ಬದಲಿಸುವ ಅಗತ್ಯವೇ ಇರಬಾರದಲ್ಲ ಎಂಬುದು ವಾರಿಂಗ್ಟನ್ನನ ಲೆಕ್ಕ.

1849ರಲ್ಲಿ ಅವನು ಹನ್ನೆರಡು ಗ್ಯಾಲನ್, ಅಂದರೆ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆ ತೆಗೆದುಕೊಂಡ. ತಳಕ್ಕೆ ಮರಳು, ಕೆಸರು, ಕಲ್ಲು. ಅರ್ಧದಷ್ಟು ಒರತೆ ನೀರು. ಎರಡು ಪುಟ್ಟ ಬಂಗಾರದ ಮೀನು. ವ್ಯಾಲಿಸ್ನೇರಿಯಾ ಎಂಬ, ನೀರೊಳಗೆ ಪಟ್ಟಿಯಂತೆ ಉದ್ದ ಎಲೆ ಬಿಡುವ ಗಿಡ. ಈ ಗಿಡ ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಈಗಲೂ ಅತಿ ಅಗ್ಗಕ್ಕೆ ಸಿಗುತ್ತದೆ.

ಮೊದಲು ಎಲ್ಲ ಸರಿಯಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತವು, ನೀರು ಮಬ್ಬಾಯಿತು, ಗಾಜಿಗೆ ಹಸಿರು ಕಟ್ಟಿತು. ಲೆಕ್ಕದಲ್ಲಿ ಒಬ್ಬ ಪಾಲುದಾರ ಬಿಟ್ಟುಹೋಗಿದ್ದಾನೆ ಎಂದು ವಾರಿಂಗ್ಟನ್ನನಿಗೆ ಹೊಳೆಯಿತು. ಕೊಳದಲ್ಲಿ ಕೊಳೆತದ್ದನ್ನು ತಿನ್ನುವವರು ಯಾರು? ಬಸವನಹುಳುಗಳು. ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದು ಮುಗಿಸಿದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಯಿತು. 1850ರ ಮಾರ್ಚಿನಲ್ಲಿ ಈ ಪ್ರಯೋಗವನ್ನು ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ.

ಗಮನಿಸಿ: ಇಂದು ಸೀಗಡಿ ಸಾಕುವವರು ಸೀಗಡಿಗೆ ಕೊಡುವ ಕೆಲಸ ಇದೇ. ಮೀನಿನ ಚಂದಕ್ಕೆ ಮರುಳಾಗಿ ಎಲ್ಲರೂ ಮರೆಯುವ ಜಾಡಮಾಲಿಯ ಕೆಲಸ. ತೊಟ್ಟಿ ನಿಲ್ಲುವುದು ತೋರಿಕೆಯ ಜೀವದಿಂದಲ್ಲ, ಕಸ ತಿನ್ನುವ ಜೀವದಿಂದ ಎಂಬುದನ್ನು ಪ್ರಯೋಗದ ಮೂಲಕ ಬರೆದಿಟ್ಟದ್ದು ವಾರಿಂಗ್ಟನ್ನನ ದೊಡ್ಡಸ್ತಿಕೆ.

ಮುಂದಿನದು ಹುಚ್ಚಿನ ಕಥೆ. ಗಾಜಿನ ಮೇಲಿನ ತೆರಿಗೆಯನ್ನು ಬ್ರಿಟನ್ 1845ರಲ್ಲಿಯೇ ತೆಗೆದುಹಾಕಿತ್ತು, ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಆ ಪದ ಇಂದಿನ ಅರ್ಥದಲ್ಲಿ ಬೇರೂರಿದ್ದು ಅಲ್ಲಿಂದ. ಮಧ್ಯಮ ವರ್ಗದ ಮನೆ ಮನೆಯಲ್ಲಿ ತೊಟ್ಟಿಗಳು ಬಂದವು. ರೈಲು ಹತ್ತಿ ಕಡಲತೀರಕ್ಕೆ ಹೋದ ಜನ ಬಂಡೆಯ ಹೊಂಡಗಳಿಂದ ಕಡಲಹೂಗಳನ್ನು ಉಳಿಯಿಂದ ಕಿತ್ತು ತಂದರು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ತಂದೆಯ ಬಗ್ಗೆ ಬರೆದ ಪುಸ್ತಕದಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಹೊಂಡಗಳು ಬರಿದಾದವು, ಅದಕ್ಕೆ ತಂದೆಯ ಪುಸ್ತಕಗಳೇ ದಾರಿ ಮಾಡಿಕೊಟ್ಟವು, ಅದು ತಂದೆಗೂ ನೋವು ಕೊಟ್ಟಿತ್ತು ಎಂದು ಹೇಳಿದ್ದಾನೆ. ಪ್ರೀತಿಯಿಂದ ಬರೆದ ಪುಸ್ತಕ ಪ್ರೀತಿಸಿದ ಜಾಗವನ್ನೇ ಹಾಳುಮಾಡಿತು.

ಇತ್ತ ಮನೆಗಳ ತೊಟ್ಟಿಗಳಲ್ಲಿಯೂ ಜೀವ ನಿಲ್ಲಲಿಲ್ಲ. ಗಿಡ ಇತ್ತು, ಬೆಳಕು ಇತ್ತು, ಬಸವನಹುಳು ಇತ್ತು. ಆದರೂ ಬಹಳ ಜನರ ತೊಟ್ಟಿ ನಾತ ಹೊಡೆಯಿತು. 1860ರ ದಶಕ ಮುಗಿಯುವಷ್ಟರಲ್ಲಿ ಹುಚ್ಚು ಇಳಿದಿತ್ತು. ವಾರಿಂಗ್ಟನ್ 1867ರಲ್ಲಿ ತೀರಿಕೊಂಡ. ಅವನ ಲೆಕ್ಕದಲ್ಲಿ ಇನ್ನೂ ಒಬ್ಬ ಪಾಲುದಾರ ಬಿಟ್ಟುಹೋಗಿದ್ದ. ಅವನು ಕಣ್ಣಿಗೆ ಕಾಣುವವನಲ್ಲ.

ಮಗ

ಕಿರಿಯ ರಾಬರ್ಟ್ ವಾರಿಂಗ್ಟನ್ 1838ರಲ್ಲಿ ಹುಟ್ಟಿದ. ಅವನೂ ರಸಾಯನ ವಿಜ್ಞಾನವನ್ನೇ ಹಿಡಿದ, ಆದರೆ ಕೃಷಿಗೆ ತಿರುಗಿದ. 1876ರಲ್ಲಿ ಲಂಡನ್ನಿನ ಉತ್ತರಕ್ಕಿರುವ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು ಸೇರಿದ. ಅಲ್ಲಿನ ಪ್ರಶ್ನೆ ಮೀನಿನದಲ್ಲ, ಗೊಬ್ಬರದ್ದು.

ಹಸಿ ಸಗಣಿ, ಗಂಜಲವನ್ನು ನೇರವಾಗಿ ಬುಡಕ್ಕೆ ಹಾಕಿದರೆ ಗಿಡ ಸುಟ್ಟುಹೋಗುತ್ತದೆ ಎಂದು ನಮ್ಮ ಮಲೆನಾಡಿನ ಯಾವ ತೋಟದವರಿಗೂ ಗೊತ್ತು. ಗೊಬ್ಬರ ಗುಂಡಿಯಲ್ಲಿ ಕೊಳೆತು ಮಾಗಿದರೆ ಅದೇ ಅಮೃತ. ರಸಾಯನದ ಭಾಷೆಯಲ್ಲಿ ಅದರ ಒಂದು ಭಾಗ ಹೀಗೆ: ಹಸಿ ಕಸದಲ್ಲಿ ಅಮೋನಿಯಾ ಇರುತ್ತದೆ, ಮಣ್ಣಿನಲ್ಲಿ ಅದು ನೈಟ್ರೇಟ್ ಆಗುತ್ತದೆ, ನೈಟ್ರೇಟನ್ನು ಬೇರು ಹೀರುತ್ತದೆ. ಈ ಬದಲಾವಣೆ ತುಕ್ಕು ಹಿಡಿದಂತೆ ಬರೀ ರಾಸಾಯನಿಕ ಕ್ರಿಯೆಯೋ, ಅಥವಾ ಯಾವುದೋ ಜೀವಿಯ ಕೆಲಸವೋ?

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂನ್ಟ್ಸ್ ಎಂಬ ಇಬ್ಬರು ಇದಕ್ಕೆ ಉತ್ತರ ಕೊಟ್ಟರು. ಉದ್ದನೆಯ ಕೊಳವೆಗೆ ಮರಳು, ಸುಣ್ಣಕಲ್ಲು ತುಂಬಿ ಅದರ ಮೂಲಕ ಚರಂಡಿ ನೀರನ್ನು ನಿಧಾನ ಇಳಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯಾ ಹೇಗೆ ಹೋಯಿತೋ ಹಾಗೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ಅಮೋನಿಯಾ ಮಾಯವಾಯಿತು. ಬರೀ ರಸಾಯನವಾಗಿದ್ದರೆ ಮೊದಲ ದಿನವೇ ನಡೆಯಬೇಕಿತ್ತು. ಇಪ್ಪತ್ತು ದಿನ ಕಾಯಿಸಿದ್ದೇಕೆ? ಏನೋ ಒಂದು ಬೆಳೆಯುತ್ತಿತ್ತು. ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಕೆಲಸ ನಿಂತಿತು. ಹೊಸ ಮಣ್ಣು ಕದಡಿದ ನೀರು ಹಾಕಿದಾಗ ಮತ್ತೆ ಶುರುವಾಯಿತು.

ಆ ಇಪ್ಪತ್ತು ದಿನಗಳನ್ನು ಓದಿದಾಗ ನನಗೆ ನನ್ನ ಬಿಳಿ ಜಲ್ಲಿ ನೆನಪಾಯಿತು. ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದದ್ದು.

ಕಿರಿಯ ವಾರಿಂಗ್ಟನ್ 1878ರಿಂದ 1891ರವರೆಗೆ ಈ ವಿಷಯದ ಮೇಲೆ ಸರಣಿ ಪ್ರಬಂಧಗಳನ್ನು ಬರೆದ. ಈ ಕೆಲಸ ಕತ್ತಲೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಬೆಳಕು ಅದಕ್ಕೆ ಅಡ್ಡಿ ಎಂದು ಕಂಡ. ಅದಕ್ಕಿಂತ ಮುಖ್ಯವಾಗಿ, ಇದು ಒಂದು ಹೆಜ್ಜೆಯ ಕೆಲಸವಲ್ಲ, ಎರಡು ಹೆಜ್ಜೆಯದು ಎಂದು ತೋರಿಸಿದ. ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತದೆ, ನೈಟ್ರೈಟ್ ಆಮೇಲೆ ನೈಟ್ರೇಟ್ ಆಗುತ್ತದೆ. ಎರಡಕ್ಕೂ ಬೇರೆ ಬೇರೆ ಜೀವಿಗಳು. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಹಿಡಿಯಲು ಅವನಿಂದಾಗಲಿಲ್ಲ. ಆಗಿನ ಪದ್ಧತಿಯಂತೆ ಜೆಲಟಿನ್ ಮೇಲೆ ಬೆಳೆಸಲು ನೋಡಿದರೆ ಅವು ಬೆಳೆಯುತ್ತಿರಲಿಲ್ಲ. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ರಷ್ಯಾದ ವಿನೊಗ್ರಾಡ್‌ಸ್ಕಿ ಅವನ್ನು ಹಿಡಿದ. ಅವು ಬೆಳೆಯದಿರಲು ಕಾರಣ ಹಸಿವಲ್ಲ, ಅತಿಯಾದ ಊಟ. ಈ ಬ್ಯಾಕ್ಟೀರಿಯಾಗಳಿಗೆ ಸಾವಯವ ಆಹಾರ ಬೇಡ. ಅಮೋನಿಯಾದಿಂದ ಶಕ್ತಿ, ಇಂಗಾಲದ ಡೈಆಕ್ಸೈಡ್‌ನಿಂದ ಮೈ. ಬೆಳಕಿಲ್ಲದೆ ಗಿಡದಂತೆ ಬದುಕುವವು.

ತಂದೆ ಬೆಳಕಿನ ವ್ಯವಹಾರ ನೋಡಿದ್ದ, ಮಗ ಕತ್ತಲೆಯ ವ್ಯವಹಾರ ನೋಡಿದ. ತಂದೆಯ ತೊಟ್ಟಿ ನಿಂತದ್ದಕ್ಕೆ ಕಾರಣ ಆಮ್ಲಜನಕವೊಂದೇ ಆಗಿರಲಾರದು. ತಳದ ಕೆಸರಿನಲ್ಲಿ ಮಗನ ಬ್ಯಾಕ್ಟೀರಿಯಾಗಳು ಮೊದಲೇ ಇದ್ದಿರಬೇಕು, ಮೀನಿನ ಹೇಲಿನಿಂದ ಬಂದ ಅಮೋನಿಯಾವನ್ನು ಅವೂ ಗಿಡಗಳೂ ಹಂಚಿಕೊಂಡು ತಿಂದಿರಬೇಕು. ಅಷ್ಟು ನೀರಿಗೆ ಎರಡೇ ಪುಟ್ಟ ಮೀನು ಎಂಬುದೂ ಕಾರಣ. ತೊಳೆದ ಜಲ್ಲಿ ಹಾಕಿ, ಮೀನು ಹೆಚ್ಚು ತುಂಬಿದವರ ತೊಟ್ಟಿ ಕೆಟ್ಟದ್ದೂ ಇದರಿಂದಲೇ ಅರ್ಥವಾಗುತ್ತದೆ. ತಂದೆ ಬದುಕಿದ್ದಾಗ ಈ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ.

ಸಮತೋಲ ಎಂಬ ಮಾತು

ಮಗನ ಮಣ್ಣಿನ ಪಾಠ ತೊಟ್ಟಿಗೆ ಬರಲು ಬಹಳ ಕಾಲ ಹಿಡಿಯಿತು. ಗಿಡ ಮೀನಿಗೆ ಉಸಿರು, ಮೀನು ಗಿಡಕ್ಕೆ ಉಸಿರು ಎಂಬ ಚಂದದ ಮಾತೇ ಪುಸ್ತಕಗಳಲ್ಲಿ ಉಳಿಯಿತು. ಈ ನಡುವೆ ನಮ್ಮ ಊರುಗಳಿಗೂ ಗಾಜಿನ ತೊಟ್ಟಿ ಬಂತು. ಮದರಾಸಿನ ಮರೀನಾದಲ್ಲಿ 1909ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಚ್ಚಿತು. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ತೆರೆಯಿತು. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗದ ಮುಂಬಯಿ ಕನ್ನಡಿಗರ ಮನೆ ಒಂದು ಕಾಲದಲ್ಲಿ ಕಡಿಮೆ.

1949ರಲ್ಲಿ ಅಮೆರಿಕದ ಜೇಮ್ಸ್ ಆಟ್ಸ್ ಈ ಸಮತೋಲದ ಮಾತನ್ನು ಒಂದು ಕಟ್ಟುಕಥೆ ಎಂದೇ ಕರೆದು ಲೇಖನ ಬರೆದ. ಮನೆಯ ತೊಟ್ಟಿಯಲ್ಲಿ ಅನಿಲಗಳ ವಿನಿಮಯ ಬಹುಪಾಲು ನಡೆಯುವುದು ನೀರಿನ ಮೇಲ್ಮೈಯಲ್ಲಿ, ಗಿಡದಿಂದಲ್ಲ ಎಂಬುದು ಅವನ ವಾದ. ಥಿನ್ ಮನೆಯ ಕೆಲಸದ ಹುಡುಗಿಯ ಕೈಗೆ ಇದು ನೂರು ವರ್ಷ ಮೊದಲೇ ಗೊತ್ತಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ. 1998ರಲ್ಲಿ, ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹೆಜ್ಜೆಯ ಕೆಲಸ ಮಾಡುವುದು ನಾವು ಅಂದುಕೊಂಡಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂದು ತಿಳಿಯಿತು. 2015ರಲ್ಲಿ ಎರಡು ತಂಡಗಳು, ಎರಡೂ ಹೆಜ್ಜೆಗಳನ್ನು ಒಬ್ಬನೇ ಹಾಕುವ ನೈಟ್ರೋಸ್ಪೈರಾಗಳೂ ಇವೆ ಎಂದು ತೋರಿಸಿದವು. ಅದರಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಸೋಸುಯಂತ್ರದಲ್ಲಿ. ಮಗ ಮಣ್ಣಿನಲ್ಲಿ ಎಣಿಸಿದ ಎರಡು ಹೆಜ್ಜೆಗಳಿಗೆ ತೊಟ್ಟಿಯ ಕಡೆಯಿಂದಲೇ ತಿದ್ದುಪಡಿ ಬಂತು.

ಸೀಗಡಿ ಬಂದದ್ದು

ವಾರಿಂಗ್ಟನ್ನನ ಬಸವನಹುಳುವಿನ ಜಾಗಕ್ಕೆ ಸೀಗಡಿಯನ್ನು ತಂದವನು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ನೀಗಾತದಲ್ಲಿ ಹುಟ್ಟಿದವನು, ವೃತ್ತಿಯಲ್ಲಿ ಸೈಕಲ್ ಪಂದ್ಯಗಾರ, ಮುಂದೆ ಛಾಯಾಗ್ರಾಹಕ. ನೀರೊಳಗೆ ಕಾಡು, ಹುಲ್ಲುಗಾವಲು ಬೆಳೆಸುವುದು ಅವನ ಹಂಬಲ. ಗಿಡದ ಎಲೆಯ ಮೇಲೆ ಕೂದಲಿನಂತೆ ಕಟ್ಟುವ ಪಾಚಿ ಅವನ ಶತ್ರು. 1980ರ ದಶಕದಲ್ಲಿ ಜಪಾನಿನ ತೊರೆಗಳ ಯಮಾತೊ ಸೀಗಡಿ ಆ ಪಾಚಿಯನ್ನು ಮೇಯುತ್ತದೆ ಎಂದು ಕಂಡುಕೊಂಡ. ಇಂದು ಲೋಕವೆಲ್ಲ ಅದನ್ನು ಅಮಾನೊ ಸೀಗಡಿ ಎನ್ನುತ್ತದೆ. 2015ರಲ್ಲಿ, ಲಿಸ್ಬನ್‌ನಲ್ಲಿ 40 ಮೀಟರ್ ಉದ್ದದ ತೊಟ್ಟಿಯೊಂದನ್ನು ಕಟ್ಟಿದ ವರ್ಷವೇ, ಅವನು ತೀರಿಕೊಂಡ.

ಅಮಾನೊ ಸೀಗಡಿಯ ಮರಿಗಳಿಗೆ ಬೆಳೆಯಲು ಉಪ್ಪುನೀರು ಬೇಕು. ಆದ್ದರಿಂದ ಮನೆಯ ತೊಟ್ಟಿಯಲ್ಲಿ ಅದರ ಸಂತಾನ ನಿಲ್ಲುವುದಿಲ್ಲ. ನನ್ನ ಕೆಂಪು ಸೀಗಡಿ ಬೇರೆ ಜಾತಿ, ನಿಯೋಕ್ಯಾರಿಡಿನಾ ಡೇವಿಡಿ. ಚೀನಾದಲ್ಲಿ ಸಸ್ಯ ಪ್ರಾಣಿಗಳನ್ನು ಸಂಗ್ರಹಿಸಿದ ಫ್ರೆಂಚ್ ಪಾದ್ರಿ ಆರ್ಮಾನ್ ಡೇವಿಡ್‌ನ ಹೆಸರನ್ನು 1904ರಲ್ಲಿ ಇದಕ್ಕೆ ಇಟ್ಟರು. ದೈತ್ಯ ಪಾಂಡಾದ ಸುದ್ದಿಯನ್ನು ಯುರೋಪಿಗೆ ಮುಟ್ಟಿಸಿದವನೂ ಅವನೇ. ಕಾಡಿನಲ್ಲಿ ಇದು ಮಾಸಲು ಕಂದು. ಕೆಂಪು, ಹಳದಿ, ನೀಲಿ ಎಲ್ಲ ಸಾಕಿದವರು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ಬಣ್ಣ. ಇದರ ತಾಯಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಮೂರು ನಾಲ್ಕು ವಾರ ಕಾಲಿನಿಂದ ಗಾಳಿ ಬೀಸುತ್ತ ಕಾಯುತ್ತದೆ. ಹುಟ್ಟುವ ಮರಿ ತಾಯಿಯದೇ ಪುಟ್ಟ ಅಚ್ಚು. ಉಪ್ಪುನೀರು ಬೇಡ, ಬೇರೆ ಊಟ ಬೇಡ. ಗಾಜಿಗೆ ಕಟ್ಟಿದ ಲೋಳೆ, ಪಾಚಿ ಸಾಕು. ಇಷ್ಟು ಕಡಿಮೆ ಕೇಳುವ ಜೀವ ಬಾಡಿಗೆ ಮನೆಗೆ ಹೊಂದುವುದು ಸಹಜ.

ಎರಡನೆಯ ಸಲ

ಎರಡನೆಯ ಸಲ ನಾನು ಈ ಚರಿತ್ರೆಯನ್ನು ಅನುಸರಿಸಿದೆ. ಅದೇ ತೊಟ್ಟಿ. ತಳಕ್ಕೆ ಸಣ್ಣ ಮರಳು, ಅರ್ಧ ತೊಟ್ಟಿ ಗಿಡ: ವಾರಿಂಗ್ಟನ್ನನ ವ್ಯಾಲಿಸ್ನೇರಿಯಾ, ಜಾವಾ ಪಾಚಿ, ಒಂದು ಹಿಡಿ ಹೈಡ್ರಿಲ್ಲಾ. ಗಿಡಗಳನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ದಿನಾ ನೀರು ಬದಲಿಸಿದೆ; ಮಾರುವವರು ಹೊಡೆದ ಔಷಧಿ ಉಳಿದಿರಬಹುದು. ಕೆಲಸದ ಹುಡುಗಿಯ ಜಾಗಕ್ಕೆ ಪುಟ್ಟ ಏರ್ ಪಂಪು ಮತ್ತು ಸ್ಪಂಜಿನ ಸೋಸುಕ. ಮಗನ ಬ್ಯಾಕ್ಟೀರಿಯಾಗಳಿಗೆ ಆ ಸ್ಪಂಜೇ ಮನೆ. ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಪರಿಚಯದವರ ಹಳೆಯ ತೊಟ್ಟಿಯಿಂದ ಒಂದು ಕೊಳಕು ಸ್ಪಂಜು ಬೇಡಿ ತಂದು ಜೊತೆಗಿಟ್ಟೆ. ಶ್ಲೋಸಿಂಗ್ ಮಣ್ಣು ಕದಡಿದ ನೀರು ಹಾಕಿದಂತೆ.

ಆಮೇಲೆ ಕಾದೆ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟೆ. ಪರೀಕ್ಷೆಯ ದ್ರಾವಣದಲ್ಲಿ ಮೊದಲು ಅಮೋನಿಯಾ ಏರಿತು. ಅದು ಇಳಿಯುವಾಗ ನೈಟ್ರೈಟ್ ಏರಿತು. ಅದೂ ಇಳಿದು ಎರಡೂ ಸೊನ್ನೆಗೆ ನಿಂತದ್ದು ಐದನೆಯ ವಾರದಲ್ಲಿ. ಕಿರಿಯ ವಾರಿಂಗ್ಟನ್ ವರ್ಷಗಟ್ಟಲೆ ದುಡಿದು ಕಂಡ ಎರಡು ಹೆಜ್ಜೆಗಳು ಅಡುಗೆಮನೆಯ ಕಟ್ಟೆಯ ಮೇಲೆ ಸಣ್ಣ ಸೀಸೆಗಳ ಬಣ್ಣದಲ್ಲಿ ಕಂಡವು. ಅಷ್ಟರಲ್ಲಿ ಗಾಜಿಗೆ ತೆಳ್ಳಗೆ ಪಾಚಿ ಕಟ್ಟಿತ್ತು. ಅಮ್ಮನಿಗೆ ಫೋಟೋ ಕಳಿಸಿದೆ. “ಈಗ ಬಿಡು” ಅಂದಳು.

ನಗರದ ಫ್ಲ್ಯಾಟಿನಲ್ಲಿ ನೆನಪಿಡಬೇಕಾದ ಕೆಲವು ಮಾತುಗಳಿವೆ. ನಲ್ಲಿ ನೀರಿನ ಕ್ಲೋರಿನ್ ರಾತ್ರಿಯಿಡೀ ತೆರೆದಿಟ್ಟರೆ ಹಾರಿಹೋಗಬಹುದು. ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಅಂಗಡಿಯ ದ್ರಾವಣ ಬೇಕು. ನೀರನ್ನು ತಾಮ್ರದ ಹಂಡೆಯಲ್ಲಿ ಹಿಡಿದಿಡಬೇಡಿ. ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವೇ, ಆದರೂ ನೀರಿನಲ್ಲಿ ಅದು ಸ್ವಲ್ಪ ಹೆಚ್ಚಾದರೂ ಅವಕ್ಕೆ ವಿಷ. ಮೀನಿನ ಔಷಧಿಗಳಲ್ಲಿ, ಗಿಡದ ಗೊಬ್ಬರಗಳಲ್ಲಿ ತಾಮ್ರವಿದೆಯೇ ಎಂದು ಚೀಟಿ ಓದಿ ನೋಡಬೇಕು. ಅದಕ್ಕಿಂತ ದೊಡ್ಡ ಅಪಾಯ ಸೊಳ್ಳೆಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ. ಕೀಟಕ್ಕೆಂದು ಮಾಡಿದ ವಿಷಕ್ಕೆ ಕೀಟ ಯಾವುದು, ಸೀಗಡಿ ಯಾವುದು ಎಂಬ ಭೇದವಿಲ್ಲ. ಮೇ ತಿಂಗಳಿನ ದಿಲ್ಲಿ, ಹೈದರಾಬಾದಿನಲ್ಲಿ ನೀರು ಮೂವತ್ತು ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ತೊಟ್ಟಿಯ ಮೇಲೆ ಸಣ್ಣ ಫ್ಯಾನು ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಊಟ ವಾರಕ್ಕೆರಡು ಸಲ, ಬೇಯಿಸಿದ ಪಾಲಕ್ಕಿನ ಉಗುರಷ್ಟು ಚೂರು. ಬೀದಿಯ ಬಾದಾಮಿ ಮರದಿಂದ ತಾನಾಗಿ ಬಿದ್ದ ಒಣಎಲೆಯನ್ನು ತೊಳೆದು ಹಾಕಿದರೆ ತಿಂಗಳುಗಟ್ಟಲೆ ಮೇಯುತ್ತವೆ. ಪೊರೆ ಕಳಚಿದ್ದನ್ನು ಕಂಡು ಸತ್ತಿತೆಂದು ತೆಗೆಯಬೇಡಿ. ಸುಣ್ಣದ ಅಂಶಕ್ಕಾಗಿ ಅವು ಅದನ್ನೇ ತಿನ್ನುತ್ತವೆ.

ಕೊನೆಯದೊಂದು ಮಾತು, ಗಾಸ್‌ನ ಕಥೆ ಕಲಿಸಿದ್ದು. ಮನೆ ಬದಲಿಸುವಾಗ, ಊರು ಬದಲಿಸುವಾಗ, ತೊಟ್ಟಿ ಸಾಗಿಸಲಾಗದೆ ಸೀಗಡಿಗಳನ್ನು ಹತ್ತಿರದ ಕೆರೆಗೋ ಹೊಳೆಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎನ್ನಿಸುತ್ತದೆ. ಬಿಡಬೇಡಿ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ತೊರೆಯಲ್ಲಿ, ಹವಾಯಿಯ ಹಳ್ಳಗಳಲ್ಲಿ ಇದೇ ಡೇವಿಡಿ ಸೀಗಡಿ ನೆಲೆಯೂರಿದೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ನಮ್ಮವೇ ಆದ ಪುಟ್ಟ ಸೀಗಡಿಗಳಿವೆ. ಅವುಗಳ ಮನೆಗೆ ನಾವು ಬಾಡಿಗೆದಾರರನ್ನು ನುಗ್ಗಿಸಬಾರದು. ಅವುಗಳನ್ನು ಹಿಡಿದು ತರುವುದೂ ಬೇಡ. ಸಾಕುವ ಇನ್ನೊಬ್ಬರಿಗೆ ಕೊಡಿ, ಕೊಳಕು ಸ್ಪಂಜಿನ ಸಮೇತ.

ಈಗ ನನ್ನ ತೊಟ್ಟಿಗೆ ಎರಡು ವರ್ಷ. ಹತ್ತು ಸೀಗಡಿ ಬಿಟ್ಟಿದ್ದೆ, ಈಗ ಎಣಿಸಲಾಗುವುದಿಲ್ಲ. ನೀರು ಕನ್ನಡಿಯಂತಿಲ್ಲ, ಬಾದಾಮಿ ಎಲೆಯ ಬಣ್ಣಕ್ಕೆ ತೆಳು ಚಹಾದಂತಿದೆ. ಕಳೆದ ಬೇಸಗೆಯಲ್ಲಿ ಅಮ್ಮ ಬಂದಾಗ ಬಹಳ ಹೊತ್ತು ಅದರ ಮುಂದೆ ಕೂತಿದ್ದಳು. ಮಣ್ಣಿನ ಬ್ಯಾಕ್ಟೀರಿಯಾ, ತಂದೆ, ಮಗ ಎಂದು ನಾನು ಎಲ್ಲವನ್ನೂ ವಿವರಿಸಿದೆ. ಕೇಳಿಸಿಕೊಂಡು, “ಅದನ್ನೇ ಅಲ್ಲವೇನೋ ನಾನು ಅವತ್ತು ಹೇಳಿದ್ದು” ಅಂದಳು.

ಹೌದು, ಅದನ್ನೇ.